ಅಪಾ ಟೋಕನ್

ಬೆಳಿಗ್ಗೆ ಹತ್ತೂವರೆಗೆ ಲಿದಿಯಾ ಪಾವ್ಲೊವ್ನಾಳ ಫೋನ್ ಬಂದಾಗ ಬುರುಲ್ ಇನ್ನೂ ಮೊದಲ ಬಟ್ಟಲು ಚಹಾ ಮುಗಿಸಿರಲಿಲ್ಲ. ಲಿದಿಯಾ ಪಾವ್ಲೊವ್ನಾ ಬಿಷ್ಕೆಕ್‌ನ ಒಂದು ಹೆರಿಗೆ ಕ್ಲಿನಿಕ್‌ನಲ್ಲಿ ಹಿರಿಯ ನರ್ಸು. ರೋಗಿಗಳ ದಾಖಲೆ ಇಡುವ ಆ್ಯಪ್‌ನಲ್ಲಿ ಏನು ಕೆಟ್ಟರೂ ಸಹಾಯವಾಣಿಯ ಗೊಡವೆಗೆ ಹೋಗದೆ, ಅದನ್ನು ಬರೆದ ಬುರುಲ್‌ಗೇ ನೇರವಾಗಿ ಫೋನ್ ಮಾಡಿ ಬೈಯುವ ಹೆಂಗಸು. ಈ ಸಲ ಬೈಯಲಿಲ್ಲ. ಅದರಿಂದಲೇ ಏನೋ ಎಡವಟ್ಟಾಗಿದೆ ಅಂತ ಬುರುಲ್‌ಗೆ ಗೊತ್ತಾಯಿತು.

"ಐಪೆರಿಗೆ ಅವಳ ಅತ್ತೆ ಮೆಸೇಜ್ ಹಾಕಿದ್ದಾಳೆ. ಓದ್ತೀನಿ ಕೇಳು," ಎಂದಳು ಲಿದಿಯಾ ಪಾವ್ಲೊವ್ನಾ. "ಕೆಲಿನ್, ನಿನ್ನ ರಕ್ತ ಎಂಬತ್ತೆಂಟಕ್ಕೆ ಇಳಿದಿದೆಯಲ್ಲಮ್ಮಾ, ಲಿವರ್ ಬೇಯಿಸಿಕೊಂಡು ತಿನ್ನು, ನಮ್ಮ ಮಗುವಿಗೆ ಬೇಕು. ಇಷ್ಟೇ ಇರೋದು. ಹಿಮೋಗ್ಲೋಬಿನ್ ಎಂಬತ್ತೆಂಟು ಅಂತ ನಾನು ಬರೆದದ್ದು ನಿನ್ನೆ ಸಾಯಂಕಾಲ ನಾಲ್ಕು ಗಂಟೆಗೆ, ಮಗಳೇ. ನರೀನ್‌ನಲ್ಲಿ ಕೂತಿರೋ ಮುದುಕಿಗೆ ಹೇಗೆ ಗೊತ್ತಾಯ್ತು?"

ಐಪೆರಿಯನ್ನು ಬುರುಲ್ ನೋಡಿರಲಿಲ್ಲ, ಆದರೆ ಅವಳ ಕಥೆ ಗೊತ್ತಿತ್ತು. ಎಂಟು ತಿಂಗಳ ಬಸುರಿ, ಗಂಡ ಕುಬಾತ್‌ನ ಹೊಡೆತ ತಾಳಲಾರದೆ ನರೀನ್‌ನಿಂದ ಓಡಿಬಂದು ಇಲ್ಲಿ ಯಾರದೋ ಖಾಲಿ ಫ್ಲ್ಯಾಟಿನಲ್ಲಿ ಅಡಗಿದ್ದಳು. ಹಿಂದೊಮ್ಮೆ ಓಡಿದ್ದಾಗ ನೆಂಟರೆಲ್ಲ ಸೇರಿ ಬುದ್ಧಿ ಹೇಳಿ ವಾಪಸು ಕರೆದೊಯ್ದು ಬಿಟ್ಟಿದ್ದರು. ಆ ವಾರವೇ ಕುಬಾತ್ ಅವಳ ಎರಡು ಪಕ್ಕೆಲುಬು ಮುರಿದಿದ್ದ. ಇನ್ನೊಂದು ಸಲ ಓಡಿದರೆ ಜೀವಸಹಿತ ಬಿಡುವುದಿಲ್ಲ ಅಂದಿದ್ದ. ಅವನು ಅಂದದ್ದನ್ನು ಮಾಡುವ ಗಂಡಸು.

ಮೂರು ದಿನದ ಹಿಂದೆ ಲಿದಿಯಾ ಪಾವ್ಲೊವ್ನಾ ಕೇಳಿದಾಗ, ಐಪೆರಿಯ ದಾಖಲೆಯನ್ನು ಆ್ಯಪ್‌ನಲ್ಲಿ ಅತ್ತೆಯ ಮನೆಯವರ ಪಟ್ಟಿಯಿಂದ ತೆಗೆದುಹಾಕಿದವಳು ಬುರುಲೇ. ಇನ್ನು ನಿನ್ನನ್ನು ಯಾರೂ ನೋಡಲಾರರು ಅಂತ ಅವಳಿಗೆ ಹೇಳಿಬಿಡಿ ಎಂದಿದ್ದಳು. ಹಾಗೆ ಹೇಳುವಾಗ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಈಗ ಪರದೆಯ ಮುಂದೆ ಕೂತು ನೋಡಿದಳು. ಪಟ್ಟಿಯಲ್ಲಿ ಐಪೆರಿ ಇರಲಿಲ್ಲ. ತೆಗೆದದ್ದು ತೆಗೆದಂತೆಯೇ ಇತ್ತು. ಹಾಗಿದ್ದರೆ ಮುದುಕಿ ನೋಡಿದ್ದು ಹೇಗೆ? ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು.

ಅಪಾ ಟೋಕನ್.

ಆ ಹೆಸರು ಆಫೀಸಿನಲ್ಲಿ ತಮಾಷೆಗೆ ಹುಟ್ಟಿದ್ದು. ಆ್ಯಪ್ ಶುರುವಾದಾಗ ಹಳ್ಳಿಯ ಮನೆಗಳಿಂದ ಒಂದೇ ದೂರು ಬರುತ್ತಿತ್ತು. ಯಾವ ಮನೆಯಲ್ಲಿ ಸೊಸೆಯಾದ ಕೆಲಿನ್ ತನ್ನ ಪಾಡಿಗೆ ತಾನು ಡಾಕ್ಟರ ಹತ್ತಿರ ಹೋಗುತ್ತಾಳೆ? ಸರದಿ ಹಿಡಿಯುವವಳು, ಮಾತ್ರೆ ನೆನಪಿಸುವವಳು, ರಿಪೋರ್ಟ್ ಓದಿಸುವವಳು ಎಲ್ಲ ಮನೆಯ ಅಪಾ, ಅಂದರೆ ಅತ್ತೆ. ಹಾಗಾಗಿ ಹಿರಿಯಳ ಫೋನಿನಲ್ಲೇ ಮನೆಯವರೆಲ್ಲರ ದಾಖಲೆ ತೆರೆಯುವ ಹಾಗೆ ಬುರುಲ್ ಮಾಡಿಕೊಟ್ಟಳು. ಒಳಗೆ ಬಂದವರಿಗೆ ಸರ್ವರ್ ಒಂದು ಟೋಕನ್ ಕೊಡುತ್ತದೆ. ಅದು ಸೀಲು ಒತ್ತಿದ ಚೀಟಿ. ಈಕೆ ಸೊನುನ್ ಅಪಾ, ಇಂತಿಂಥವರ ದಾಖಲೆ ನೋಡಬಹುದು ಅಂತ ಅದರ ಮೇಲೇ ಬರೆದಿರುತ್ತದೆ. ಮುಂದಿನ ಸಲ ಫೋನು ಆ ಚೀಟಿ ತೋರಿಸಿದರೆ ಸರ್ವರ್ ಸೀಲು ಮಾತ್ರ ನೋಡುತ್ತದೆ, ಹೆಸರುಗಳ ಪಟ್ಟಿಯ ಪುಸ್ತಕ ತೆಗೆದು ನೋಡುವುದಿಲ್ಲ. ಕೆಲಸ ಬೇಗ ಆಗುತ್ತದಲ್ಲ, ಅದಕ್ಕೆ.

ಇಂಥ ಚೀಟಿ ಒಂದು ಗಂಟೆಗೋ ಅರ್ಧ ಗಂಟೆಗೋ ಸಾಯಬೇಕು. ಆದರೆ ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಕುದುರೆ ಹೊಡೆದುಕೊಂಡು ಹೋದ ಅಪಾಗಳಿಗೆ ಸಿಗ್ನಲ್ ಸಿಗುವುದೇ ದಿನಕ್ಕೆ ಹತ್ತು ನಿಮಿಷ. ಪ್ರತಿ ಸಲ ಮೆಸೇಜಿನಲ್ಲಿ ಬರುವ ಕೋಡ್ ಹಾಕು ಅಂದರೆ ಅವರು ಕೇಳುತ್ತಾರೆಯೇ? ಶಾಪ ಹಾಕಿದರು. ಬುರುಲ್ ಆ ಚೀಟಿಗೆ ಮೂವತ್ತು ದಿನದ ಆಯುಷ್ಯ ಕೊಟ್ಟಳು. ಎಲ್ಲರೂ ಮೆಚ್ಚಿದರು. ಮನೆಯ ಹಿರಿಯಳ ಕೈಯಲ್ಲಿ ಇರುವುದರಿಂದ ಕೆಡುಕೇನು ಅಂತ ಆ ಆಫೀಸಿನಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಅನ್ನಿಸುವುದಾದರೂ ಹೇಗೆ, ಎಲ್ಲರೂ ಅಂಥ ಮನೆಗಳಲ್ಲೇ ಬೆಳೆದವರು.

ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದ್ದಳು, ಚೀಟಿಯಲ್ಲಿ ಹಾಗೇ ಉಳಿದಿತ್ತು. ಅದಕ್ಕೆ ಇನ್ನೂ ಹತ್ತೊಂಬತ್ತು ದಿನ ಜೀವವಿತ್ತು.

ಯಾರು ಯಾವಾಗ ಯಾವ ಪುಟ ನೋಡಿದರೆಂದು ಬರೆದಿಡುವ ಲಾಗ್ ತೆರೆದಳು. ಇವತ್ತು ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಐಪೆರಿಯ ಅತ್ತೆ ಸೊನುನ್ ಅಪಾಳ ಟೋಕನ್ ಅವಳ ರಕ್ತದ ರಿಪೋರ್ಟ್ ನೋಡಿತ್ತು, ನರೀನ್‌ನಿಂದ. ಹತ್ತು ಇಪ್ಪತ್ತೈದಕ್ಕೆ ಅದೇ ಟೋಕನ್, ಅದೇ ರಿಪೋರ್ಟ್, ಆದರೆ ಬಿಷ್ಕೆಕ್‌ನ ನೆಟ್‌ವರ್ಕಿನಿಂದ. ಎರಡು ಗಂಟೆಯಲ್ಲಿ ಯಾವ ಮುದುಕಿಯೂ ನರೀನ್‌ನಿಂದ ಇಲ್ಲಿಗೆ ಬರಲಾರಳು. ಕುಬಾತ್ ಮೊದಲೇ ಊರೊಳಗೆ ಬಂದು ಕೂತಿದ್ದ. ಐಪೆರಿಯ ಹೆಸರು ತೆಗೆಯುವ ಮೊದಲೇ ತಾಯಿಯಿಂದ ಕೋಡ್ ಕೇಳಿ ತನ್ನ ಫೋನಿಗೂ ಆ ಚೀಟಿ ಹಾಕಿಸಿಕೊಂಡಿದ್ದ. ಹತ್ತು ಮೂವತ್ತೊಂದಕ್ಕೆ ಇನ್ನೊಂದು ಪುಟ ತೆರೆದಿದ್ದ. ಬುರುಲ್‌ಳ ಕಣ್ಣು ಅದರ ಮೇಲೆ ನಿಲ್ಲಲಿಲ್ಲ, ಮುಂದಕ್ಕೆ ಓಡಿತು, ಯಾಕೆಂದರೆ ಅವಳು ಹುಡುಕುತ್ತಿದ್ದದ್ದು ವಿಳಾಸದ ಪುಟವನ್ನು. ಹೆರಿಗೆಯ ನಂತರ ನರ್ಸು ಮನೆಗೆ ಬರಲಿ ಅಂತ ಐಪೆರಿ ಫ್ಲ್ಯಾಟಿನ ವಿಳಾಸ ಬರೆಸಿದ್ದಳು. ಆ ಪುಟವನ್ನು ಅವನು ಇನ್ನೂ ತೆರೆದಿರಲಿಲ್ಲ. ಇನ್ನೊಂದು ಬಟನ್ ಒತ್ತಿದರೆ ಸಾಕಿತ್ತು.

ಬುರುಲ್ ಮೊದಲು ಆ ಒಂದು ಟೋಕನ್ ಕೊಲ್ಲುವ ದಾರಿ ಹುಡುಕಿದಳು. ಅಂಥ ದಾರಿಯನ್ನು ಅವಳು ಬರೆದೇ ಇರಲಿಲ್ಲ. ಉಳಿದದ್ದು ಒಂದೇ, ಸೀಲನ್ನೇ ಬದಲಿಸುವುದು. ಸರ್ವರಿನ ರಹಸ್ಯ ಕೀಲಿ ಬದಲಾದರೆ ಹಳೆಯ ಸೀಲಿನ ಚೀಟಿಗಳೆಲ್ಲ ಒಂದೇ ಏಟಿಗೆ ಕಸವಾಗುತ್ತವೆ. ಕುಬಾತ್‌ನದೂ ಹೌದು, ನಲವತ್ತಮೂರು ಕ್ಲಿನಿಕ್‌ಗಳ ಡಾಕ್ಟರು ನರ್ಸುಗಳದೂ ಹೌದು. ಶುಕ್ರವಾರ ಬೆಳಿಗ್ಗೆ, ಕಾರಿಡಾರುಗಳೆಲ್ಲ ತುಂಬಿರುವ ಹೊತ್ತು.

ಕಂಪನಿಯ ಯಜಮಾನ ತಲಾಂತ್‌ಗೆ ಫೋನ್ ಮಾಡಿದಳು. ಅವನು ತೊಕ್ಮೊಕ್‌ನಲ್ಲಿ ಯಾರದೋ ಮದುವೆಯ ಊಟದಲ್ಲಿದ್ದ, ಹಿಂದೆ ಅಕಾರ್ಡಿಯನ್ ಕೇಳುತ್ತಿತ್ತು. ಅವಳು ಹೇಳಿದ್ದನ್ನೆಲ್ಲ ಕೇಳಿ, ಸಂಜೆ ಆರಕ್ಕೆ ಕ್ಲಿನಿಕ್‌ಗಳು ಮುಚ್ಚಿದ ಮೇಲೆ ಮಾಡು ಎಂದ.

"ಸಂಜೆವರೆಗೆ ಅವಳು ಇರ್ತಾಳೋ ಇಲ್ವೋ, ಬೈಕೆ," ಎಂದಳು ಬುರುಲ್, ಅಣ್ಣಾ ಎಂದು ಕರೆಯುವ ಹಾಗೆ.

"ನಲವತ್ತು ಆಸ್ಪತ್ರೆ ಕುರುಡಾಗುತ್ತೆ, ಬುರುಲ್. ಅಲ್ಲೂ ಬಸುರಿಯರೇ ಇರೋದು. ಗಂಡ ಹೆಂಡತಿ ಮಧ್ಯೆ ನಾವು ಯಾಕೆ ತಲೆ ಹಾಕ್ಬೇಕು?"

ಅವನು ಕೆಟ್ಟವನಲ್ಲ. ಆದರೆ ಆ ಕೊನೆಯ ಮಾತು ಕೇಳಿ ಬುರುಲ್‌ಗೆ ಮೈಯೆಲ್ಲ ಉರಿಯಿತು. ನೋಡೋಣ ಅಂತ ಫೋನ್ ಇಟ್ಟು, ಕೀಲಿ ಬದಲಿಸಿದಳು. ಆಗ ಹತ್ತು ನಲವತ್ತಾರು.

ಹತ್ತು ನಲವತ್ತೊಂಬತ್ತಕ್ಕೆ ಲಾಗ್‌ನಲ್ಲಿ ಹೊಸ ಸಾಲು ಬಂತು. ಸೊನುನ್ ಅಪಾಳ ಟೋಕನ್ ಐಪೆರಿಯ ವಿಳಾಸ ಕೇಳಿತ್ತು. ಸರ್ವರ್ ಒಲ್ಲೆ ಅಂದಿತ್ತು. ಅವನು ಮತ್ತೆ ಒತ್ತಿದ, ಮತ್ತೆ ಒಲ್ಲೆ. ಹೀಗೆ ಏಳು ಸಲ. ಬಾಗಿಲಾಚೆ ನಿಂತು ಒಬ್ಬ ಚಿಲಕ ಅಲ್ಲಾಡಿಸುತ್ತಿದ್ದ ಹಾಗಿತ್ತು. ಬುರುಲ್ ಮುಖ ಮುಚ್ಚಿಕೊಂಡು ಅತ್ತಳು. ಮೂರು ನಿಮಿಷ ತಡವಾಗಿದ್ದರೆ ಎಂದು ನೆನೆಸಿಕೊಂಡರೆ ಜೀವ ಬಾಯಿಗೆ ಬರುತ್ತಿತ್ತು. ಕಣ್ಣೊರೆಸಿಕೊಂಡು ಲಿದಿಯಾ ಪಾವ್ಲೊವ್ನಾಳಿಗೆ ಮೆಸೇಜ್ ಹಾಕಿದಳು: ಮುಚ್ಚಿದ್ದೇನೆ. ಇನ್ನು ಭಯವಿಲ್ಲ, ಅವಳಿಗೂ ಹೇಳಿ.

ಅಷ್ಟರಲ್ಲಿ ಆಫೀಸಿನ ಫೋನುಗಳೆಲ್ಲ ಒಟ್ಟಿಗೇ ಕೂಗತೊಡಗಿದವು. ಕ್ಲಿನಿಕ್‌ಗಳಿಂದ ಒಂದೇ ಸಮ ಬೈಗುಳ. ಮತ್ತೆ ಒಳಗೆ ಬನ್ನಿ, ಕೋಡ್ ಬರುತ್ತೆ ಅಂತ ಬುರುಲ್ ಹೇಳಿದ್ದನ್ನೇ ಹೇಳಿದಳು. ಕೋಡ್ ಬರುತ್ತಿರಲಿಲ್ಲ. ಸಾವಿರಾರು ಜನ ಒಂದೇ ಸಲ ಕೇಳಿದ್ದರಿಂದ ಮೆಸೇಜುಗಳ ದಾರಿಯೇ ಕಟ್ಟಿಹೋಗಿತ್ತು. ಹನ್ನೊಂದು ಇಪ್ಪತ್ತರ ಹೊತ್ತಿಗೆ ಸ್ವಲ್ಪ ಬಿಡುವು ಸಿಕ್ಕಿತು. ತಲಾಂತ್‌ಗೆ ತೋರಿಸಲು ಸಾಕ್ಷಿ ಬೇಕಲ್ಲ, ಅದಕ್ಕೆ ಲಾಗ್‌ನ ಸಾಲುಗಳನ್ನು ಒಂದೊಂದಾಗಿ ನಕಲು ಮಾಡಿಕೊಳ್ಳತೊಡಗಿದಳು. ಹತ್ತು ಮೂವತ್ತೊಂದರ ಸಾಲಿಗೆ ಬಂದಾಗ ಕೈ ನಿಂತಿತು.

ಅದು ಸರದಿಯ ಪುಟ. ಐಪೆರಿ ಮುಂದಿನ ಸಲ ಡಾಕ್ಟರನ್ನು ಕಾಣುವ ಕ್ಲಿನಿಕ್, ದಿನ ಮತ್ತು ವೇಳೆ ಅಲ್ಲಿರುತ್ತದೆ. ಇವತ್ತು, ಹನ್ನೊಂದೂವರೆಗೆ.

ಕುಬಾತ್‌ಗೆ ವಿಳಾಸ ಬೇಕೇ ಇರಲಿಲ್ಲ.

ಐಪೆರಿಗೆ ನೇರ ಫೋನ್ ಮಾಡೋಣವೆಂದರೆ ನಂಬರು ಇರುವುದು ದಾಖಲೆಯಲ್ಲಿ, ಒಳಗೆ ಹೋಗಲು ಬುರುಲ್‌ಗೂ ಹೊಸ ಚೀಟಿ ಬೇಕು, ಅವಳ ಕೋಡೂ ಬಂದಿರಲಿಲ್ಲ. ತಾನೇ ಹಾಕಿದ ಬೀಗದ ಹೊರಗೆ ತಾನೇ ನಿಂತಿದ್ದಳು. ಕ್ಲಿನಿಕ್‌ನ ಫೋನು ಎಂಗೇಜ್. ಲಿದಿಯಾ ಪಾವ್ಲೊವ್ನಾಳ ಮೊಬೈಲಿಗೆ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲಕ್ಕೆ ಎತ್ತಿದಳು, ಹಿಂದೆ ಹೆಂಗಸರ ಗದ್ದಲ, ಮಗುವೊಂದರ ಅಳು.

"ನಿನ್ನ ಪರದೆಗಳೆಲ್ಲ ಸತ್ತು ಬಿದ್ದಿವೆ, ಮಗಳೇ," ಎಂದಳು ಲಿದಿಯಾ ಪಾವ್ಲೊವ್ನಾ, ದಣಿದ ದನಿಯಲ್ಲಿ. "ಐಪೆರಿ ಬರ್ಲೋ ಬೇಡ್ವೋ ಅಂತಿದ್ಲು. ನೀನು ಭಯವಿಲ್ಲ ಅಂದ್ಯಲ್ಲ, ಬಾ ಅಂದೆ. ತಡಿ, ಈ ಸಾಲು ಕರೆದು ಮುಗಿಸ್ತೀನಿ."

ಬೇಡ, ಅವಳ ಹೆಸರು ಕರೀಬೇಡಿ ಅಂತ ಬುರುಲ್ ಕಿರುಚಿದಳು. ಆದರೆ ಫೋನು ಆಗಲೇ ನರ್ಸಿನ ಕೋಟಿನ ಜೇಬು ಸೇರಿತ್ತು. ಆ ಕ್ಲಿನಿಕ್‌ನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಗೋಡೆಯ ಪರದೆಯಲ್ಲಿ ನಂಬರು ಮಾತ್ರ ಬರುತ್ತದೆ. ಇವತ್ತು ಪರದೆ ಕಪ್ಪಾಗಿತ್ತು. ಲಿದಿಯಾ ಪಾವ್ಲೊವ್ನಾ ಹಿಂದಿನ ಕಾಲದ ಹಾಗೆ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಾರಿಡಾರಿನಲ್ಲಿ ಹೆಂಡತಿಯರ ಜೊತೆ ಬಂದ ಗಂಡಸರೂ ಇರುತ್ತಾರೆ, ಯಾರು ಯಾರ ಗಂಡನೋ ಅವಳಿಗೆ ಹೇಗೆ ಗೊತ್ತಾಗಬೇಕು? ಜೇಬಿನೊಳಗಿಂದ ಒಂದು ಹೆಸರು ಕೇಳಿಸಿತು, ಎರಡನೆಯದು ಕೇಳಿಸಿತು. ಮೂರನೆಯದು ಐಪೆರಿ.

ಯಾರೂ ಓಗೊಡಲಿಲ್ಲ. ಆಮೇಲೆ ಒಂದು ಗಂಡಸಿನ ದನಿ ಕೇಳಿಸಿತು, ನರ್ಸನ್ನು ಎಜೆ, ಅಂದರೆ ಅಕ್ಕಾ, ಎನ್ನುವ ತುಂಬ ಮರ್ಯಾದೆಯ ದನಿ.

"ನಮ್ಮವಳೇ ಎಜೆ, ಅಲ್ಲಿ ಮೂಲೇಲಿ ಕೂತಿದ್ದಾಳೆ. ನಾನು ಅವಳ ಯಜಮಾನ. ಅವಳ ಸರದಿ ಚೀಟಿ ನನ್ನ ಕೈಗೆ ಕೊಡಿ, ನಾನೇ ಕರ್ಕೊಂಡು ಬರ್ತೀನಿ."

ಬುರುಲ್ ಫೋನಿನ ದನಿ ಏರಿಸಿದಳು.

"ಪಾಸ್‌ಪೋರ್ಟ್," ಎಂದಳು ಲಿದಿಯಾ ಪಾವ್ಲೊವ್ನಾ. ಕಾಗದದ ಸದ್ದು. "ಸರಿ. ಕುಬಾತ್. ನೀನು ಯಾರು ಅನ್ನೋದು ಗೊತ್ತಾಯ್ತು. ನೀನು ಬರಬಹುದಾ ಅಂತ ನಿನ್ನ ಕೇಳಿದ್ರೆ ಆಗಲ್ಲ, ಅವಳನ್ನ ಕೇಳ್ಬೇಕು. ಐಪೆರಿ, ಇವನನ್ನ ನೀನು ಕರೆದ್ಯಾ?"

ಎಷ್ಟು ಹೊತ್ತಾದರೂ ಉತ್ತರ ಬರಲಿಲ್ಲ. ಎರಡು ವರ್ಷ ಕೂತು ಬರೆದ ಪ್ರೋಗ್ರಾಂನಲ್ಲಿ ಈ ಮಾತನ್ನು ಐಪೆರಿಯನ್ನು ಕೇಳುವ ಒಂದು ಸಾಲನ್ನೂ ತಾನು ಬರೆದಿರಲಿಲ್ಲ ಎಂಬುದು ಆ ಮೌನದಲ್ಲಿ ಬುರುಲ್‌ಗೆ ಹೊಳೆಯಿತು. ಅಲ್ಲಿ ಅಷ್ಟು ಜನ ಹೆಂಗಸರ ನಡುವೆ, ಆ ಗಂಡಸಿನ ಎದುರಿಗೆ, ಎಂಟು ತಿಂಗಳ ಬಸುರಿ ಬಾಯಿ ತೆರೆಯಬೇಕಿತ್ತು.

"ಇಲ್ಲ," ಎಂದಿತು ಒಂದು ಸಣ್ಣ ದನಿ. ಇನ್ನೊಮ್ಮೆ, ಸ್ವಲ್ಪ ಜೋರಾಗಿ, "ನಾನು ಕರೆದಿಲ್ಲ."

ಕುರ್ಚಿಯೊಂದು ಉರುಳಿದ ಸದ್ದು. ಯಾರೋ ಓಡಿದರು, ಬಾಗಿಲು ಬಡಿದುಕೊಂಡಿತು, ಒಳಗಿನಿಂದ ಅಗಳಿ ಬಿತ್ತು, ಐಪೆರಿಯ ಏದುಸಿರು ಹತ್ತಿರದಲ್ಲೇ ಕೇಳಿಸಿತು. ಹೊರಗಿನಿಂದ ಬಾಗಿಲ ಮರದ ಮೇಲೆ ಗುದ್ದು ಬೀಳತೊಡಗಿತು, ಒಂದರ ಮೇಲೊಂದು. ಆ ಗುದ್ದಿನ ನಡುವೆಯೇ ಲಿದಿಯಾ ಪಾವ್ಲೊವ್ನಾ, ಮೇಜಿನ ಫೋನಿನಲ್ಲಿ ಪೊಲೀಸರಿಗಿರಬೇಕು, ಕ್ಲಿನಿಕ್‌ನ ವಿಳಾಸವನ್ನು ನಿಧಾನವಾಗಿ ಹೇಳುತ್ತಿದ್ದಳು. ಬುರುಲ್ ಫೋನನ್ನು ಕಿವಿಗೆ ಒತ್ತಿಕೊಂಡು, ಒಂದೊಂದು ಗುದ್ದಿಗೂ ಬೆಚ್ಚುತ್ತ, ಆ ಬಾಗಿಲು ಎಷ್ಟು ಗಟ್ಟಿಯಿದೆಯೋ ಗೊತ್ತಿಲ್ಲದೆ ಕೂತಿದ್ದಳು.