ಉಸ್ತಾದ್ ಪ್ಲಗ್ಗು ಮತ್ತು ಉಪ್ಪುಮೀನು

"ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ಮೊದಲು ಹೇಳಯ್ಯಾ, ಆಮೇಲೆ ಕೂತು ಅಳುವೆಯಂತೆ" ಎಂದು ಟೈಪು ಮಾಡಿ ಇನಾಯಾತ್ ಕಳುಹಿಸುವ ಗುಂಡಿ ಒತ್ತಿದಳು. ಒಲೆಯ ಮೇಲೆ ಮುಲೂಖಿಯಾ ಸೊಪ್ಪಿನ ಸಾರು ಕುದಿ ಬರುವುದರಲ್ಲಿತ್ತು. ಕುದಿಸಿದರೆ ಸೊಪ್ಪೆಲ್ಲ ತಳಕ್ಕಿಳಿದು ಕೆಡುತ್ತದೆ. ಎಡಗೈಯಲ್ಲಿ ಉರಿ ತಗ್ಗಿಸಿ, ಮೊಬೈಲನ್ನು ಹಿಟ್ಟಿನ ಡಬ್ಬಕ್ಕೆ ಆನಿಸಿಟ್ಟು, ಉತ್ತರ ಬರುವುದನ್ನೇ ಕಾಯುತ್ತ ನಿಂತಳು.

ಅಲೆಕ್ಸಾಂಡ್ರಿಯಾದ ಮೊಬೈಲು ಹುಚ್ಚರೆಲ್ಲ ಸೇರುವ ಆ ಜಾಲತಾಣವನ್ನು ಅಲ್ಲಿಯವರು 'ಕಟ್ಟೆ' ಎಂದೇ ಕರೆಯುತ್ತಿದ್ದರು. ಯಾವ ಫೋನು ಗಟ್ಟಿ, ಯಾವುದರ ಕ್ಯಾಮೆರಾ ಮೋಸ ಎಂಬುದರ ಮೇಲೆ ಬೆಳಗಿನಿಂದ ಸಂಜೆಯವರೆಗೆ ಹೊಡೆದಾಟ. ಇನಾಯಾತ್ ಮೊದಮೊದಲು ಸ್ವಂತ ಹೆಸರಿನಲ್ಲೇ ಹೋಗಿದ್ದಳು. "ಇದೆಲ್ಲ ನಿಮಗ್ಯಾಕಮ್ಮಾ, ಮನೇಲಿ ಮಗನಿದ್ರೆ ಅವನನ್ನ ಕೇಳಿ" ಅಂದಿದ್ದರು. ಅವಳು ಬಂದರಿನ ಕಸ್ಟಮ್ಸ್ ಏಜೆಂಟರ ಕಚೇರಿಯಲ್ಲಿ ಗಂಡಸರ ಒಂದು ವಿಭಾಗವನ್ನೇ ಆಳುವವಳು. ಸುಮ್ಮನಿರುವಳೇ? ಮಾರನೆಯ ವಾರ ಗಂಡು ಹೆಸರು ಹೊತ್ತು ಬಂದಳು. ಫೋನುಗಳಿಂದ ಇಯರ್‌ಫೋನಿನ ತೂತು ಕಿತ್ತುಹಾಕಿದ ಕಂಪನಿಗಳ ಮೇಲೆ ಯುದ್ಧ ಸಾರಿದಳು. ಅಲ್ಲಿಂದ ಅವಳು 'ಉಸ್ತಾದ್ ಪ್ಲಗ್ಗು'. ನಿವೃತ್ತ ಎಂಜಿನಿಯರ್, ಸಿಡುಕ, ಆದರೆ ವಿಷಯ ತಿಳಿದವನು ಎಂದು ಕಟ್ಟೆಯವರ ನಂಬಿಕೆ.

ಗಂಡ ಫಿಕ್ರಿ ಇದ್ದಾಗ ಇದರ ಅಗತ್ಯ ಬಿದ್ದಿರಲಿಲ್ಲ. ರೇಡಿಯೋದ ದನಿ ಎಷ್ಟಿರಬೇಕು ಎಂಬುದರಿಂದ ಹಿಡಿದು ಬದನೆಕಾಯಿಗೆ ಉಪ್ಪೆಷ್ಟು ಎಂಬುದರವರೆಗೆ ಇಬ್ಬರೂ ಸಂತೋಷವಾಗಿ ಜಗಳವಾಡಿಕೊಂಡಿದ್ದರು. ಅವನು ಹೋದ ಮೇಲೆ ಸೀದಿ ಬಿಶ್ರ್ ಬಡಾವಣೆಯ ಆ ಮನೆಯಲ್ಲಿ ಎದುರುತ್ತರ ಕೊಡುವವರೇ ಇಲ್ಲವಾದರು. ಮಗ ವಾಯಿಲ್ ಸರಕು ಹಡಗಿನಲ್ಲಿ ಎಂಜಿನಿಯರ್, ವರ್ಷದಲ್ಲಿ ಅರ್ಧ ನೀರಿನ ಮೇಲೆ. ಸೊಸೆ ಶಾಹಿಂದಾ ಒಳ್ಳೆಯ ಹುಡುಗಿ, ಆದರೆ ಮಾತೆಂದರೆ "ಹೋಗಿ ಬರ್ತೀನಿ ತಾಂತ್", "ಬಂದೆ ತಾಂತ್", ಅಷ್ಟೇ. ಅತ್ತೆಯನ್ನು ತಾಂತ್ ಎಂದು ಕರೆಯುವಾಗ ಅವಳ ದನಿ ಸ್ಕೂಲಿನಲ್ಲಿ ಹಾಜರಿ ಹೇಳುವ ಮಕ್ಕಳ ದನಿಯಂತಿರುತ್ತಿತ್ತು.

ಈ ಸಲದ ಜಗಳ ಶುರುವಾದದ್ದು ಒಂದು ಕೈಗಡಿಯಾರದಿಂದ. 'ಉಪ್ಪುಮೀನು' ಎಂಬ ಹೆಸರಿನವರೊಬ್ಬರು ಬರೆದಿದ್ದರು: "ಕಂಪನಿಯವರು ನಮಗೆಲ್ಲ ಸ್ಮಾರ್ಟ್ ವಾಚು ಉಡುಗೊರೆ ಕೊಟ್ಟಿದಾರೆ. ಮ್ಯಾನೇಜರ್ ಮೆಸೇಜು ಹಾಕಿದ ತಕ್ಷಣ ಮಣಿಕಟ್ಟಿನ ಮೇಲೆ ಗುರ್ ಅನ್ನುತ್ತೆ. ನಾನು ನೋಡಿದೆನಾ ಇಲ್ವಾ ಅನ್ನೋದು ಅವರಿಗೆ ಗೊತ್ತಾಗುತ್ತೆ. ಶುಕ್ರವಾರಾನೂ ಬಿಡಲ್ಲ. ಬಚ್ಚಲಲ್ಲಿದ್ರೂ ಬಿಡಲ್ಲ. ಇದು ಎಲ್ಲ ಕಡೆ ಹೀಗೇನಾ, ಅಥವಾ ನನಗೆ ಮಾತ್ರ ಉಸಿರು ಕಟ್ತಾ ಇದೆಯಾ?"

ವಾಚು ಚೆನ್ನಾಗಿದೆಯೋ ಇಲ್ಲವೋ ಎಂದು ಹೊರಟ ಮಾತು, ಈಗಿನವರು ಕೆಲಸಕ್ಕೆ ಲಾಯಕ್ಕೋ ಅಲ್ಲವೋ ಎಂಬಲ್ಲಿಗೆ ಬಂದು ನಿಂತಿತು. ಕಟ್ಟೆ ಎರಡು ಪಾಳಯವಾಯಿತು. ಉಸ್ತಾದ್ ಪ್ಲಗ್ಗು ಒಂದು ಪಾಳಯದ ಸೇನಾಪತಿ. "ಪುಕ್ಕಟೆ ವಾಚು ಕಟ್ಕೊಂಡು ಗೋಳಾಡೋ ಜನರನ್ನ ಇವತ್ತೇ ನೋಡಿದ್ದು. ನಮ್ಮ ಕಾಲದಲ್ಲಿ ಮನೆಯವರನ್ನ ಮಣ್ಣು ಮಾಡಿ ಬಂದು, ಅದೇ ವಾರ ಕುರ್ಚಿ ಮೇಲೆ ಕೂತು ಕೆಲಸ ಮಾಡಿದೀವಿ. ನೀವು ಒಂದು ಗುರ್ ಅನ್ನೋದಕ್ಕೆ ಬಾಡಿ ಹೋಗ್ತೀರಿ. ಉಪ್ಪುಮೀನಲ್ಲ, ಕೊಳೆತ ಮೀನು ನೀನು. ಮೆತ್ತಗಿರೋರು ಮನೇಲಿರಿ!" ಎಂದು ಬರೆದಾಗ ನೂರಾರು ಜನ ಭೇಷ್ ಅಂದಿದ್ದರು. ಆ ರಾತ್ರಿ ಇನಾಯಾತ್‌ಗೆ ಒಳ್ಳೆಯ ನಿದ್ದೆ ಬಂದಿತ್ತು.

ಉಪ್ಪುಮೀನಿನ ಉತ್ತರ ಒಂದೇ ಸಾಲು: "ಉಸ್ತಾದ್, ಆ ವಾರ ನಿಮ್ಮನ್ನ ಆಫೀಸಿಗೆ ಬಾ ಅಂತ ಯಾರಾದ್ರೂ ಕರೆದಿದ್ರಾ?"

ಅದನ್ನು ಪಕ್ಕಕ್ಕೆ ಸರಿಸಿ ಅವಳು ಮತ್ತೆ ಬ್ಯಾಟರಿಯ ಮಾತಿಗೆ ಜಾರಿಕೊಂಡಿದ್ದಳು. ಈಗ ಒಲೆಯ ಮುಂದೆ ಕಾಯುತ್ತಿದ್ದುದು ಅದರ ಮುಂದಿನ ಏಟಿಗೆ. ಆದರೆ ಸಾರು ಇಳಿಸಿ, ಅನ್ನ ಬಡಿಸಿ, ಅತ್ತೆ ಸೊಸೆ ಎದುರುಬದುರು ಕೂತು ಮಾತಿಲ್ಲದೆ ಉಂಡು ಎದ್ದರೂ ಉಪ್ಪುಮೀನು ಬಾಯಿ ಬಿಡಲಿಲ್ಲ. ಶಾಹಿಂದಾಳ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿದಿತ್ತು.

ಉತ್ತರ ಬಂದದ್ದು ಮರುದಿನ ಗುರುವಾರ, ಮಧ್ಯಾಹ್ನ. ಇನಾಯಾತ್ ಕಚೇರಿಯಲ್ಲಿ ಬ್ರೆಡ್ಡಿನೊಳಗೆ ಚೀಸು ತುರುಕಿಕೊಂಡು ತಿನ್ನುತ್ತಿದ್ದಳು. ಕಿಟಕಿಯಾಚೆ ಕ್ರೇನು ಕಂಟೇನರೊಂದನ್ನು ಎತ್ತಿ ಹಿಡಿದಿತ್ತು.

"ಉಸ್ತಾದ್, ನೀವು ದೊಡ್ಡೋರು. ವಾದ ಮಾಡಿ ಗೆಲ್ಲೋ ಶಕ್ತಿ ನನಗಿಲ್ಲ, ಇರೋದನ್ನ ಹೇಳಿಬಿಡ್ತೀನಿ. ನಾನು ಬಸುರಿ. ಬೆಳಗ್ಗೆ ವಾಂತಿ ಮಾಡೋದು ಅತ್ತೆಗೆ ಕೇಳಿಸಬಾರ್ದು ಅಂತ ನಲ್ಲಿ ಬಿಟ್ಕೊಂಡಿರ್ತೀನಿ. ಹೋದ ಸಲಾನೂ ಹೀಗೇ ಬಚ್ಚಿಟ್ಟೆ, ಕಳ್ಕೊಂಡೆ. ಜ್ವರ ಅಂತ ಒಂದಿನ ರಜಾ ಹಾಕಿ ಮಾರನೇ ದಿನ ಕೆಲಸಕ್ಕೆ ಹೋದೆ. ಗಂಡ ಸಮುದ್ರದ ಮೇಲಿದಾನೆ, ಗಾಬರಿ ಆಗ್ತಾನೆ ಅಂತ ಅವನಿಗೂ ಹೇಳ್ಲಿಲ್ಲ. ಈ ಸಲ ಡಾಕ್ಟರು ಮಲಗಿರಲೇಬೇಕು ಅಂದಿದಾರೆ. ಹೇಳಿದ್ರೆ ಕಂಪನಿ ನನ್ನ ಮುಂದುವರಿಸಲ್ಲ. ಅತ್ತೆಗೆ ಹೇಳೋಣ ಅಂದ್ರೆ ಭಯ. ಕೆಟ್ಟೋರಲ್ಲ ಅವರು. ಕಿತ್ತಳೆ ಸುಲಿದ್ರೆ ಒಂದು ಮಾತೂ ಆಡ್ದೆ ಅರ್ಧ ನನ್ನ ತಟ್ಟೆಗೆ ಇಡ್ತಾರೆ. ಆದ್ರೆ ಅವರೂ ಗಂಡನ್ನ ಮಣ್ಣು ಮಾಡಿದ ವಾರವೇ ಆಫೀಸಿಗೆ ಹೋದೋರು, ನಿಮ್ಮ ಥರಾನೇ. ಅಂಥೋರ ಮುಂದೆ ಸುಸ್ತಾಗ್ತಿದೆ ಅಂತ ಹೆಂಗೆ ಬಾಯಿ ಬಿಡ್ಲಿ?"

ಇನಾಯಾತ್‌ಗೆ ತುತ್ತು ನೆತ್ತಿಗೇರಿ ಕೆಮ್ಮು ಬಂತು. ಈ ಕಟ್ಟೆಯನ್ನು ತನ್ನ ಫೋನಿಗೆ ಹಾಕಿಕೊಟ್ಟವನು ವಾಯಿಲ್. ಹೆಂಡತಿಯ ಫೋನಿಗೂ ಹಾಕಿಕೊಟ್ಟಿರಬಹುದೆಂದು ಅವಳಿಗೆ ಎಂದೂ ಹೊಳೆದಿರಲಿಲ್ಲ. ಬೆಳಗ್ಗೆ ಬಚ್ಚಲಲ್ಲಿ ನಲ್ಲಿ ಸುರಿಯುತ್ತಲೇ ಇದ್ದಾಗ "ನೀರೇನು ಪುಕ್ಕಟೆ ಬರುತ್ತಾ ಈ ಹುಡುಗಿಗೆ" ಎಂದು ಗೊಣಗಿಕೊಂಡದ್ದು ನೆನಪಾಯಿತು. ಸೊಸೆಯ ಮಣಿಕಟ್ಟಿನಲ್ಲಿದ್ದ ಕಪ್ಪು ವಾಚನ್ನು ಹೊಸ ಶೋಕಿ ಎಂದುಕೊಂಡದ್ದೂ. ಚಳಿಗಾಲದ ಆ 'ಜ್ವರ'ದ ದಿನ ತಾನು ಸೂಪು ಮಾಡಿ, ಬಾಗಿಲ ಹತ್ತಿರದ ಸ್ಟೂಲಿನ ಮೇಲಿಟ್ಟು, ಒಳಗೆ ಹೋಗದೆ ಕೆಲಸಕ್ಕೆ ಹೊರಟುಬಂದಿದ್ದಳು.

ಪಕ್ಕದ ಮೇಜಿನ ಗುಮಾಸ್ತ ಕೇಳಿದ: "ಏನಾಯ್ತು ಮೇಡಂ? ನೀರು ಕೊಡ್ಲಾ?"

"ಏನಿಲ್ಲ. ಖಾರ ಹತ್ತಿತು." ಚೀಸಿನಲ್ಲಿ ಖಾರವೆಲ್ಲಿಯದು ಎಂದು ಅವನು ಕೇಳಲಿಲ್ಲ.

ಅಜ್ಜಿಯಾಗುತ್ತೇನೆ ಎಂಬ ಖುಷಿ ಒಂದು ಕಡೆಯಿಂದ ಒತ್ತಿಕೊಂಡು ಬರುತ್ತಿತ್ತು. ಅದನ್ನು ಅನುಭವಿಸಲು ನಾಚಿಕೆ ಬಿಡುತ್ತಿರಲಿಲ್ಲ. ಕಟ್ಟೆಯಲ್ಲಿ ಅವಳದೇ ಪಾಳಯದವರು ಆಗಲೇ ಮುಗಿಬಿದ್ದಿದ್ದರು: "ಕಥೆ ಕಟ್ಬೇಡಿ", "ಹಾಗಿದ್ರೆ ಕೆಲಸ ಬಿಟ್ಟು ಮನೇಲಿರಿ, ಉಸ್ತಾದ್ ಹೇಳ್ಲಿಲ್ವಾ?" ತನ್ನ ಮಾತನ್ನೇ ಕಲ್ಲು ಮಾಡಿಕೊಂಡು ತನ್ನ ಮನೆಯ ಹುಡುಗಿಯ ಮೇಲೆ ಎಸೆಯುತ್ತಿದ್ದಾರೆ. ಇನಾಯಾತ್ ಬ್ರೆಡ್ಡು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು.

"ಉಪ್ಪುಮೀನು ಹೇಳೋದು ನಿಜ. ನಾನು ಹೇಳಿದ್ದು ತಪ್ಪು. ಆ ವಾರ ನನ್ನನ್ನ ಯಾರೂ ಕರೆದಿರ್ಲಿಲ್ಲ. ಇನ್ನು ಈ ಹುಡುಗಿಗೆ ಯಾರಾದ್ರೂ ಒಂದು ಮಾತು ಅಂದ್ರೆ ಮೊದಲು ನನ್ನ ಹತ್ರ ಬನ್ನಿ."

ಕಟ್ಟೆ ಕೇಕೆ ಹಾಕಿತು. ಉಸ್ತಾದ್ ಮುದಿಯಾದ, ಉಸ್ತಾದ್‌ನ ಪ್ಲಗ್ಗೇ ಕಿತ್ತುಹೋಯಿತು, ಉಸ್ತಾದ್‌ಗೆ ಹೆಂಡತಿ ಬೈದಿರಬೇಕು. ವರ್ಷಗಟ್ಟಲೆ ಕಟ್ಟಿದ ಹೆಸರು ಚಹಾ ಆರುವುದರೊಳಗೆ ಮಣ್ಣುಪಾಲಾಯಿತು. ಇನಾಯಾತ್ ಒಂದೊಂದನ್ನೂ ಓದಿದಳು, ಫೋನು ಚೀಲಕ್ಕೆ ಹಾಕಿ ಕೆಲಸಕ್ಕೆ ತಿರುಗಿದಳು.

ಸಂಜೆ ಮನೆಗೆ ಬಂದು ಸೊಸೆಯ ಎದುರು ಕೂತಳು. ಕಿತ್ತಳೆ ಸುಲಿಯಲು ಕೈಗೆತ್ತಿಕೊಂಡವಳು ಹಾಗೇ ಬುಟ್ಟಿಗೆ ಹಾಕಿದಳು.

ಶುಕ್ರವಾರ ಬೆಳಗ್ಗೆ ಮತ್ತೆ ನಲ್ಲಿಯ ಸದ್ದು. ಇನಾಯಾತ್ ಬಚ್ಚಲ ಬಾಗಿಲ ಹೊರಗೆ ಟವೆಲು ಹಿಡಿದು ನಿಂತಳು. ಬಾಗಿಲು ತೆರೆದ ಶಾಹಿಂದಾ ಬೆಚ್ಚಿ ಚೌಕಟ್ಟು ಹಿಡಿದುಕೊಂಡಳು. ಮುಖ ಬಿಳಿಚಿತ್ತು, ಹಣೆಯ ಕೂದಲು ಒದ್ದೆ.

"ತಾಂತ್... ಏನೋ ತಿಂದಿದ್ದು ಆಗಿಬರ್ಲಿಲ್ಲ, ಅಷ್ಟೇ."

"ಕೂತ್ಕೋ ಮಗಳೇ."

ಅಡುಗೆಮನೆಯ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಒಣ ರೊಟ್ಟಿಯ ಚೂರು ಮುಂದಿಟ್ಟಳು. ಅಷ್ಟರಲ್ಲಿ ವಾಚು ಗುರ್ ಎಂದಿತು. ಶಾಹಿಂದಾ ತಕ್ಷಣ ಮಣಿಕಟ್ಟು ತಿರುಗಿಸಿದಳು. ಅವಳು ನೋಡುವ ಮೊದಲೇ ಇನಾಯಾತ್ ತನ್ನ ಅಂಗೈಯನ್ನು ಆ ವಾಚಿನ ಮೇಲೆ ಮುಚ್ಚಿದಳು.

"ನಿನಗೊಂದು ವಿಷಯ ಹೇಳ್ಬೇಕು. ಕೋಪ ಬರುತ್ತೆ. ಬರ್ಲಿ. ಆ ಉಸ್ತಾದ್ ಪ್ಲಗ್ಗು ಇದಾನಲ್ಲ..."

ಶಾಹಿಂದಾ ವಾಚಿನಿಂದ ಕಣ್ಣೆತ್ತಿದಳು.

"ಅದು ನಾನೇ."

ಬೀದಿಯಲ್ಲಿ ಬೇಯಿಸಿದ ಫೂಲ್ ಕಾಳು ಮಾರುವವನ ಗಾಡಿಯ ಗಂಟೆ ಕೇಳಿಸಿತು. ಶಾಹಿಂದಾಳ ಮುಖಕ್ಕೆ ಮೆಲ್ಲಗೆ ಬಣ್ಣ ಏರಿತು. ಕೈ ಕೊಸರಿಕೊಂಡು ಎದ್ದು ನಿಂತಳು.

"ನೀವಾ? ನನ್ನ... ನಾನು ಬರೆದಿದ್ದೆಲ್ಲಾ ಓದಿದ್ರಾ? ಕೊಳೆತ ಮೀನು ಅಂದ್ರಿ ನನ್ನ! ಊರೆಲ್ಲ ನಕ್ತು! ನಾನು ಇದೇ ಮನೇಲಿ ಆ ಗೋಡೆ ಆಚೆ ಮುಸುಕು ಹಾಕ್ಕೊಂಡು ಅಳ್ತಿದ್ದೆ ತಾಂತ್!"

"ಅಂದೆ. ತಪ್ಪಾಯ್ತು."

"ಹೋಗ್ಲಿ, ಇಂಥದ್ದೊಂದು ಆಗಿದೆ ಅಂತ ಗೊತ್ತಾದ್ಮೇಲೆ ನಿನ್ನೆಯೇ ಹೇಳ್ಬಾರ್ದಿತ್ತಾ?"

"ಹೆದರಿಕೆ ಆಯ್ತು."

"ನಿಮಗಾ?" ಎಂದಳು ಶಾಹಿಂದಾ. ಕೋಪದಲ್ಲೂ ಅದು ನಿಜವಾದ ಅಚ್ಚರಿಯ ಪ್ರಶ್ನೆಯಾಗಿತ್ತು.

ಇನಾಯಾತ್ ಮೇಜಿನ ಮೇಲೆ ಬಿದ್ದ ರೊಟ್ಟಿಯ ಪುಡಿಯನ್ನು ಬೆರಳಿನಿಂದ ಒಟ್ಟುಮಾಡುತ್ತ ಹೇಳಿದಳು. "ನಿಮ್ಮ ಮಾವ ಹೋದಾಗ ಹಜಾರದಲ್ಲಿ ಅವರ ಚಪ್ಪಲಿ ಹಂಗೇ ಇತ್ತು. ಎತ್ತಿಡೋಕೂ ಆಗ್ಲಿಲ್ಲ, ನೋಡೋಕೂ ಆಗ್ಲಿಲ್ಲ. ಅದಕ್ಕೇ ಆಫೀಸಿಗೆ ಓಡಿದೆ. ಅಲ್ಲಿ ಎಲ್ಲರೂ ಎಂಥಾ ಗಟ್ಟಿಗಿತ್ತಿ ಅಂದ್ರು. ಅಂದಿದ್ದನ್ನ ನಾನೂ ನಂಬ್ಕೊಂಡೆ. ಮನೇಲಿದ್ದೋಳು ನೀನು. ಬಂದ ಜನಕ್ಕೆಲ್ಲ ಕಾಫಿ ಮಾಡಿ ಕೊಟ್ಟೋಳು ನೀನು. ನಿನಗೆ ಸುಸ್ತಾಯ್ತಾ ಅಂತ ನಾನು ಅವತ್ತೂ ಕೇಳ್ಲಿಲ್ಲ."

ವಾಚು ಮತ್ತೆ ಗುರ್ ಎಂದಿತು. ಶಾಹಿಂದಾ ಅದನ್ನು ದಿಟ್ಟಿಸಿದಳು.

"ಮ್ಯಾನೇಜರ್. ಯಾರೋ ಗಿರಾಕಿ ದೂರು ಕೊಟ್ಟಿದಾರಂತೆ."

"ಏನು ಮಾಡ್ತೀಯ?"

"ನೀವು ಹೇಳಿ, ಉಸ್ತಾದ್."

"ಉಸ್ತಾದ್ ಸತ್ತ. ನೀನೇ ಹೇಳು."

ಶಾಹಿಂದಾ ನಗಬಾರದೆಂದು ತುಟಿ ಕಚ್ಚಿಕೊಂಡಳು, ಆಗಲಿಲ್ಲ. ನಗು ಬಂದ ಹಿಂದೆಯೇ ಅಳು ಬಂತು. ಅವಳು ಕುರ್ಚಿಯಲ್ಲಿ ಕುಸಿದು ಕೂತು ವಾಚಿನ ಪಟ್ಟಿ ಬಿಚ್ಚತೊಡಗಿದಳು. ಬಿಗಿದಿದ್ದ ಕೊಂಡಿ ಬೇಗ ಸಿಗಲಿಲ್ಲ. ಇನಾಯಾತ್ ಸಹಾಯಕ್ಕೆ ಕೈ ಚಾಚಿದವಳು ತಡೆದು ನಿಂತಳು. ಅವಳೇ ಬಿಚ್ಚಲಿ ಎಂದು. ಬಿಚ್ಚಿದಾಗ ಮಣಿಕಟ್ಟಿನ ಸುತ್ತ ಚರ್ಮ ಕೆಂಪಾಗಿ ಬೆವರುಸಾಲೆ ಎದ್ದಿತ್ತು.

"ಹೋದ ಸಲ..." ಎಂದು ಶಾಹಿಂದಾ ಶುರುಮಾಡಿದಳು. ಇನಾಯಾತ್ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಮೂರು ವರ್ಷ ಒಂದೇ ಮನೆಯಲ್ಲಿದ್ದರೂ ಈ ಹುಡುಗಿಯ ಕೂದಲು ಇಷ್ಟು ಮೃದು ಎಂದು ಅವಳಿಗೆ ಗೊತ್ತಿರಲಿಲ್ಲ.

ಆ ಭಾನುವಾರ ಶಾಹಿಂದಾ ವೈದ್ಯರ ಚೀಟಿಯೊಂದಿಗೆ ರಜೆ ಕೇಳಿದಳು. ಕಂಪನಿಯವರು ಅಭಿನಂದನೆ ಹೇಳಿ, ಹೂವಿನ ಚಿತ್ರ ಕಳುಹಿಸಿ, ತಿಂಗಳೊಪ್ಪತ್ತಿನಲ್ಲಿ ಕೆಲಸದ ಒಪ್ಪಂದ ಮುಗಿಯಿತೆಂದು ತಿಳಿಸಿದರು. ಅವಳು ಒಂದು ಸಂಜೆ ಪೂರ್ತಿ ಅತ್ತಳು. ಇನಾಯಾತ್ ಸಮಾಧಾನ ಹೇಳಲು ಹೋಗದೆ ಜೊತೆಗೆ ಕೂತು ಮ್ಯಾನೇಜರನ ವಂಶವನ್ನೆಲ್ಲ ಬೈದಳು. ಅದರಲ್ಲಿ ಅವಳಿಗೆ ಒಳ್ಳೆಯ ಅಭ್ಯಾಸವಿತ್ತು. ನಡುನೀರಿನಿಂದ ವಾಯಿಲ್‌ನ ಕರೆ ಬಂದಾಗ ಇಬ್ಬರೂ ಒಟ್ಟಿಗೆ ಸುದ್ದಿ ಹೇಳಿದರು. ಅವನ ದನಿ ಕಡಿದು ಕಡಿದು ಬರುತ್ತಿತ್ತು, "ಏನು? ಯಾರು? ಯಾವಾಗ?" ಎಂಬುದಷ್ಟೇ ಕೇಳಿಸಿತು, ಆಮೇಲೆ ಇಡೀ ಎಂಜಿನ್ ಕೋಣೆಯೇ ಕೂಗಿದಂಥ ಗದ್ದಲ. ಮನೆಯಲ್ಲಿ ಈಗ ಜಗಳಗಳಿದ್ದವು. ಸಾರಿಗೆ ಬೆಳ್ಳುಳ್ಳಿ ಜಾಸ್ತಿಯಾಯಿತೆಂದು ಸೊಸೆ, ಸಾಲದೆಂದು ಅತ್ತೆ.

ಹೊಟ್ಟೆ ಕಾಣಿಸತೊಡಗಿದ ಮೇಲೊಂದು ಸಂಜೆ ಶಾಹಿಂದಾ ಸೋಫಾದ ಮೇಲೆ ಕಾಲು ಚಾಚಿ, ಏನೋ ಹೇಳುತ್ತಿದ್ದವಳು ಮಾತಿನ ನಡುವೆಯೇ ನಿದ್ದೆಹೋದಳು. ಊದಿಕೊಂಡ ಪಾದಗಳೆರಡೂ ಇನಾಯಾತಳ ಮಡಿಲಲ್ಲಿದ್ದವು. ಸಮುದ್ರದ ಕಡೆಯ ಬೆಳಕು ಇಳಿಯಿತು. ಎದುರುಮನೆಗಳಲ್ಲಿ ಒಂದೊಂದೇ ದೀಪ ಹತ್ತಿತು. ದೀಪದ ಗುಂಡಿ ಗೋಡೆಯ ಮೇಲೆ, ಎದ್ದರೆ ಎರಡು ಹೆಜ್ಜೆ. ಇನಾಯಾತ್ ಏಳಲಿಲ್ಲ. ಕತ್ತಲಾಗುತ್ತಿದ್ದ ಕೋಣೆಯಲ್ಲಿ, ಆ ಪಾದಗಳ ಮೇಲೆ ಕೈಯಿಟ್ಟು, ಹಾಗೇ ಕೂತಿದ್ದಳು.