ಹಡಗಿನ್ಯಾಗ ಔರಾದ ಎಲ್ಲದ?

ಮಂಗಳವಾರ ಭಾಲ್ಕಿಯ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಸಾವಾಗಿತ್ತು. ಸತ್ತವನು ನಮ್ಮ ಪೈಕಿ ಅಲ್ಲ, ಟಿವಿಯವನು.

ಟಿವಿಯಲ್ಲಿ ಆ ಧಾರಾವಾಹಿ ಹಚ್ಚಿಕೊಟ್ಟವನು ನಾನೇ. ಮುಂಬೈಯ ಕಂಪನಿಯೊಂದು ಸರಕಿನ ಹಡಗಿನ ಅಡುಗೆಮನೆಗೆ ನನ್ನನ್ನು ಆರಿಸಿತ್ತು. ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟು, ಬೀದರಿನ ಹೋಟೆಲುಗಳಲ್ಲಿ ಉಳ್ಳಾಗಡ್ಡಿ ಹೆಚ್ಚಿ, ತಂದೂರಿನ ಮುಂದೆ ಮುಖ ಸುಟ್ಟುಕೊಂಡವನಿಗೆ ಇಂಥ ಕೆಲಸ ಇನ್ನೊಮ್ಮೆ ಸಿಗುವುದಿಲ್ಲ. ಶುಕ್ರವಾರ ಮುಂಬೈ ರೈಲು ಹತ್ತಬೇಕು. ನನ್ನವ್ವ ಸುಭದ್ರಾಬಾಯಿ ಕಾರಂಜಾ ಡ್ಯಾಮಿನ ದೋಣಿ ಬಿಟ್ಟರೆ ನೀರಿನ ಮೇಲೆ ಬೇರೇನೂ ಕಂಡವಳಲ್ಲ. ಹಡಗು ಎಂದರೆ ಏನೆಂದು ತೋರಿಸೋಣ, ನೆಮ್ಮದಿಯಿಂದ ಕಳಿಸಲಿ ಎಂದು ಮೊಬೈಲನ್ನು ಟಿವಿಗೆ ಜೋಡಿಸಿ ಹಚ್ಚಿದೆ. ನೂರೈವತ್ತು ವರ್ಷದ ಹಿಂದೆ ಉತ್ತರ ಧ್ರುವದ ಕಡೆ ಹೊರಟ ಹಡಗಿನ ಕಥೆ, ಹಿಂದಿ ಡಬ್ಬಿಂಗ್. ಮೊದಲ ಕಂತಿನಲ್ಲಿ ಬ್ಯಾಂಡು ಬಾರಿಸಿದರು, ಟೋಪಿ ಹಾರಿಸಿದರು.

"ಮದಿವಿ ಮನಿ ಇದ್ದಂಗ ಅದಲ್ಲೋ," ಅಂದಳು ಅವ್ವ.

ನಾನಾದರೂ ಎರಡನೆಯ ಕಂತು ಮೊದಲೇ ನೋಡಿಕೊಳ್ಳಬೇಕಿತ್ತು. ಅದರಲ್ಲಿ ಸಮುದ್ರ ಹೆಪ್ಪುಗಟ್ಟಿತು. ಹಡಗು ಕದಲಲಿಲ್ಲ. ಮೂರನೆಯದರಲ್ಲಿ ಮಂದಿ ಬೂಟಿನ ತೊಗಲು ಕುದಿಸಿ ಕುಡಿದರು. ಪಕ್ಕದ ಮನೆಯ ಹಮೀದುನ್ನಿಸಾ ಖಾಲಾ ದಿನಾ ಮಧ್ಯಾಹ್ನ ಬಂದು ಕೂಡತೊಡಗಿದಳು. ಹೊರಗೆ ಮೇ ತಿಂಗಳ ಬಿಸಿಲಿಗೆ ಡಾಂಬರು ಕರಗುತ್ತಿತ್ತು, ಒಳಗೆ ಇಬ್ಬರೂ ಸೆರಗು ಹೊದ್ದು ಮುದುಡಿ ಕೂತಿರುತ್ತಿದ್ದರು.

ಆ ಹಡಗಿನ ಅಡುಗೆಮನೆಯಲ್ಲೂ ಒಬ್ಬ ಆಳಿದ್ದ, ಕೆಂಪು ಕೂದಲಿನವನು. ಅವ್ವ ಅವನಿಗೆ ಕೆಂಚ ಎಂದು ಹೆಸರಿಟ್ಟಳು.

"ಥೇಟ್ ನಮ್ಮ ಅಶ್ವಜಿತ ನೋಡ್ರಿ," ಅಂದಳು ನನ್ನ ಕಡೆ ಕೈ ತೋರಿಸಿ.

"ಬಣ್ಣ ಒಂದ್ ಬಿಟ್ಟು," ಅಂದಳು ಖಾಲಾ.

ಸೋಮವಾರದ ಕಂತಿನಲ್ಲಿ ಆ ಕೆಂಚ ಒಂದು ತುಂಡು ರೊಟ್ಟಿಯ ಸಲುವಾಗಿ ದೊಡ್ಡ ಬಾಣಸಿಗನ ಜೊತೆ ಜಗಳ ತೆಗೆದ. ಸೌಟು ಬೀಸಿ ಒಗೆದು, ಹಡಗು ಇಳಿದು, ಮಂಜಿನ ಮೇಲೆ ನಡೆದುಬಿಟ್ಟ. ತಿರುಗಿ ಬರಲಿಲ್ಲ. ಅವ್ವ ಎದ್ದು ನನ್ನ ಪಾಸ್‌ಪೋರ್ಟನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮರುದಿನ ಒಲೆಯಿಲ್ಲ. ಸಾವಾದ ಮನೆಗೆ ತರುವ ಹಾಗೆ ಖಾಲಾ ಒಂದು ಡಬ್ಬಿ ಖಿಚಡಿ, ಒಂದು ಡಬ್ಬಿ ಹುಣಸೆಹುಳಿಯ ಖಟ್ಟಾ ತಂದಳು.

"ಖಾಲಾ, ನೀವ್ ಭೀ ಹಿಂಗ್ ಮಾಡಿದ್ರ ಹ್ಯಾಂಗ್ರಿ?"

"ಏನ್ ಮಾಡ್ಲಿ ಬೇಟಾ. ನಿಮ್ಮವ್ವ ಮುಂಜಾನಿಂದ ಚಾ ಭೀ ಕುಡದಿಲ್ಲ."

ನನ್ನ ತಲೆ ಕಾಯಿತು. ಜೀವಂತ ನಿಂತವನಿಗೆ ಇವರು ಸೂತಕ ಮಾಡುತ್ತಿದ್ದಾರೆ.

"ಅವ್ವಾ, ಅದು ಹಳೀ ಕಾಲ. ಈಗಿನ ಹಡಗಿಗಿ ಫೋನ್ ಅದ, ಡಾಕ್ಟರ್‌ನ ಜೋಡಿ ಮಾತಾಡ್ಲಿಕ್ಕ ಬರ್ತದ. ನಾ ಹೋಗೋದು ದುಬೈ ಕಡಿ. ಅಲ್ಲಿ ಬರ್ಫ ಫ್ರಿಜ್ಜಿನ್ಯಾಗ ಬಿಟ್ಟರ ಎಲ್ಲಿ ಅದ?"

"ಬರ್ಫದ ಮಾತು ಯಾರು ಆಡ್ಯಾರ?" ಅಂದಳು ಅವ್ವ. "ಕೆಂಚ ಬರ್ಫಕ್ಕ ಸತ್ತನೇನು? ಸಿಟ್ಟಿಗಿ ಸತ್ತ."

ಅವ್ವ ಬೆರಳು ಮಡಚಿ ಎಣಿಸತೊಡಗಿದಳು.

"ಹೋಟೆಲ್ ಮಾಲಕನ ಜೋಡಿ ಜಗಳಾಡ್ದಿ, ಔರಾದಕ್ಕ ಮಾವನ ಮನಿಗಿ ಹೋದಿ. ಚಾರ್ಜರ್ ಸಲುವಾಗಿ ತಂಗಿ ಜೋಡಿ ಆಡ್ದಿ, ಔರಾದ. ಬ್ಯಾಳ್ಯಾಗ ಉಪ್ಪು ಕಮ್ಮಿ ಆತಂತ ನನ್ನ ಜೋಡಿ ಆಡ್ದಿ, ಅವತ್ತು ಭೀ ಔರಾದ. ಇಲ್ಲಿ ನಡೀತದ. ಹಡಗಿನ್ಯಾಗ ಔರಾದ ಎಲ್ಲದ?"

"ಔರಾದ ಬಸ್ಸಿನ ಕಂಡಕ್ಟರ್ ಇವನ ಮಾರಿ ನೋಡೇ ಕೇಳ್ತಾನಂತ," ಅಂದಳು ಖಾಲಾ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಇವತ್ತು ಯಾರ ಜೋಡಿ ಆತೋ ತಮ್ಮಾ ಅಂತ."

ಸಾಕಾಯಿತು. ಗೂಟದ ಮೇಲಿನ ಬ್ಯಾಗು ಎಳೆದುಕೊಂಡೆ. ಬಾಗಿಲು ಗೋಡೆಗೆ ಬಡಿಯುವಂತೆ ನೂಕಿ ಕಟ್ಟೆಗೆ ಬಂದು ಒಂದು ಕಾಲು ಚಪ್ಪಲಿಗೆ ತೂರಿಸಿದೆ. ಹಿಂದಿನಿಂದ ಯಾರೂ ಕರೆಯಲಿಲ್ಲ. ಪ್ರತಿಸಲ ಅವ್ವ ಕೂಗುತ್ತಾಳೆ, ಉಂಡು ಹೋಗಂತಲಾದರೂ ಅನ್ನುತ್ತಾಳೆ. ತಿರುಗಿ ನೋಡಿದೆ. ಸೋಮವಾರ ಟಿವಿ ನೋಡಿದ ಹಾಗೆಯೇ ಬಾಗಿಲ ಕಡೆ ನೋಡುತ್ತ ಕೂತಿದ್ದಳು. ಮುಷ್ಟಿಯಲ್ಲಿ ಸೆರಗಿನ ಗಂಟು.

ಇನ್ನೊಂದು ಚಪ್ಪಲಿ ಅಲ್ಲೇ ಇತ್ತು. ಬಸ್ ಸ್ಟ್ಯಾಂಡು ದೂರವಿಲ್ಲ. ಔರಾದಿನಲ್ಲಿ ಅತ್ತೆ ಚಹಾ ಮಾಡುತ್ತಾಳೆ, ನಿಮ್ಮವ್ವಂದೇ ತಪ್ಪು ಅನ್ನುತ್ತಾಳೆ, ನಾನು ಉಂಡು ಮಲಗುತ್ತೇನೆ. ಸಿಟ್ಟು ಇಳಿದು ತಿರುಗಿ ಬರುವಷ್ಟರಲ್ಲಿ ರೈಲು ಹೋಗಿರುತ್ತದೆ, ಅವ್ವ ಹೇಳಿದ್ದೂ ಖರೆಯಾಗಿರುತ್ತದೆ. ಯಾವುದಕ್ಕೆ ಹೆಚ್ಚು ಸಿಟ್ಟು ಬಂತೋ ನನಗೇ ತಿಳಿಯಲಿಲ್ಲ.

ಚಪ್ಪಲಿ ಕಳಚಿದೆ. ಬ್ಯಾಗನ್ನು ಗೂಟಕ್ಕೆ ಹಾಕಿದೆ. ಬಂದು ಕೂತು ಡಬ್ಬಿ ತೆಗೆದು ಸತ್ತವನ ಪಾಲಿನ ಖಿಚಡಿ ಬಡಿಸಿಕೊಂಡೆ. ಖಟ್ಟಾ ಎಷ್ಟು ಹುಳಿಯಿತ್ತೆಂದರೆ ಕಿವಿಯವರೆಗೂ ಝುಮ್ಮೆಂದಿತು. ಬೇರೆ ದಿನವಾಗಿದ್ದರೆ ತಾಟು ಅಂಗಳಕ್ಕೆ ಹಾರಿರುತ್ತಿತ್ತು.

"ಹುಳಿ ಹೆಚ್ಚಾಗ್ಯದೇನು?" ಅವ್ವ ಕೇಳಿದಳು.

"ಇಲ್ಲ. ಬರೋಬ್ಬರಿ ಅದ."

"ಝೂಟ್," ಅಂದಳು ಖಾಲಾ. "ನನ್ನ ಕೈಯಾಗ ಹುಣಸಿ ಜಾಸ್ತಿ ಬಿದ್ದದ, ನನಗೇ ಗೊತ್ತದ."

ನಾನು ಇನ್ನೊಂದು ತುತ್ತು ಇಟ್ಟುಕೊಂಡೆ. ಅವ್ವ ಎದ್ದಳು. ಗ್ಯಾಸಿನ ಲೈಟರು ಟಿಕ್ ಅಂದಿತು, ಚಹಾದ ಪಾತ್ರೆ ಒಲೆಯ ಮೇಲೆ ಕೂತ ಸದ್ದಾಯಿತು.

"ಕೀಲಿಕೈ?" ಅಂದೆ, ದನಿ ಏರದ ಹಾಗೆ.

"ಇವತ್ತು ಇನ್ನಾ ಮಂಗಳವಾರ ಅದ," ಅಂದಳು ಅವ್ವ ಅಲ್ಲಿಂದಲೇ. "ಶುಕ್ರವಾರ ತನಕ ನೋಡ್ತೇನಿ."

ಮೈಯೆಲ್ಲ ಉರಿಯಿತು. ಖಟ್ಟಾದ ಡಬ್ಬಿ ಹತ್ತಿರ ಎಳೆದುಕೊಂಡು ಮತ್ತೆ ಬಡಿಸಿಕೊಂಡೆ.