ಖಾಲಿ ಸಂದೇಶ

ನಿಯಂತ್ರಣ ಕೊಠಡಿಯ ಗೋಡೆಯ ಪರದೆಯ ಮೇಲೆ ಸುರಂಗದ ನಕ್ಷೆ ನಿದ್ದೆಹೋದ ಹಾವಿನಂತೆ ಬಾಗಿ ಮಲಗಿತ್ತು. ಉದ್ದಕ್ಕೂ ಹಸಿರು ಚುಕ್ಕಿಗಳು. ಒಂದೊಂದರ ಪಕ್ಕದಲ್ಲೂ ವಿಷಾನಿಲದ ಅಳತೆ. ಮೇಜಿನ ಮೇಲಿನ ಚಹಾ ಕೆನೆಗಟ್ಟಿತ್ತು. ಯಾವುದೂ ಕದಲುತ್ತಿರಲಿಲ್ಲ.

"ಇವತ್ತು ಒಳಗಡೆ ಗಾಳಿ ಬಂಗಾರ, ಮೇಡಂ," ಬಾಗಿಲಲ್ಲಿ ನಿಂತ ಮೇಸ್ತ್ರಿ ನಕ್ಕ. "ಬೆಳಗಿನಿಂದ ಒಂದು ಅಂಕಿನೂ ಅಲ್ಲಾಡಿಲ್ಲ, ಫೋಟೋಗೆ ನಿಂತ ಮದುಮಗನ ಥರ."

ಪರದೆಯ ಮುಂದೆ ಕುಳಿತಿದ್ದ ಎಂಜಿನಿಯರ್ ಅಂಕಿಗಳತ್ತ ಬಾಗಿದಳು. ಗಾಳಿ ಎಷ್ಟೇ ಶುದ್ಧವಿರಲಿ, ಅಂಕಿ ತುಸುವಾದರೂ ಏರಿಳಿಯಬೇಕು.

ಅಳತೆಗಳನ್ನು ಪರದೆಗೆ ತರುವ ಈ ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟಿದವಳು ಆಕೆಯೇ. ಸುರಂಗದಿಂದ ಹರಿದುಬರುವ ಅಳತೆಗಳು ಎರಡು ದಾರಿಗಳಾಗಿ ಕವಲೊಡೆಯುತ್ತಿದ್ದವು. ಒಂದರಲ್ಲಿ ಎಲ್ಲ ಅಳತೆಗಳೂ. ಇನ್ನೊಂದರಲ್ಲಿ ಅನುಮಾನ ಹುಟ್ಟಿಸುವಂಥವು ಮಾತ್ರ. ಎರಡೂ ಮತ್ತೆ ಕೂಡಿ, ಜೋಡಿಯಾದ ಮೇಲೆಯೇ ಪರದೆಗೂ ಅಪಾಯದ ಗಂಟೆಗೂ ಸುದ್ದಿ. ಕಳಿಸಲು ಏನೂ ಇಲ್ಲದಾಗ ಎರಡನೆಯ ದಾರಿ ಒಂದು ಖಾಲಿ ಸಂದೇಶವನ್ನು ಕಳಿಸುತ್ತಿತ್ತು: ನನ್ನಲ್ಲೇನಿಲ್ಲ, ನೀವು ಮುಂದುವರಿಯಿರಿ. ವ್ಯರ್ಥ ಹೊರೆಯೆಂದು ಬೆಳಿಗ್ಗೆ ಆಕೆ ಅದನ್ನು ಕಿತ್ತುಹಾಕಿದ್ದಳು. ಈಗ ಕೂಡುವ ತಾಣ ಆ ಮೌನದ ದಾರಿಯನ್ನೇ ಕಾಯುತ್ತಿತ್ತು. ಮೊದಲ ದಾರಿ ತುಂಬಿ ಬಿಗಿದಿತ್ತು. ಅದು ತೆರವಾಗಲೆಂದು ಕವಲು ಕಾಯುತ್ತಿತ್ತು. ಪರದೆಯ ಮೇಲೆ ಬೆಳಗಿನ ಹಳೆಯ ಅಂಕಿಗಳೇ ನಿಂತಿದ್ದವು. ವಿಷವೇ ಬಂದರೂ ಆ ಸುದ್ದಿಗೆ ಒಳಬರಲು ಎಡೆಯಿಲ್ಲ.

ಕೊರೆಯುವ ತಂಡದಲ್ಲಿ, ಸುರಂಗದ ತುದಿಯಲ್ಲಿ, ಆಕೆಯ ತಮ್ಮನಿದ್ದ. "ಒಳಗೆ ತಲುಪಿದ ಮೇಲೆ ಫೋನ್ ಮಾಡೋ," ಎಂದು ಇವತ್ತು ಬೆಳಿಗ್ಗೆಯೂ ಗೋಗರೆದಿದ್ದಳು.

"ಏನೂ ಇಲ್ಲ ಅಂತ ಹೇಳೋಕೂ ಫೋನಾ? ಏನಾದ್ರೂ ಆದ್ರೆ ಹೇಳ್ತೀನಿ ಕಣೇ ಅಕ್ಕ. ಸುಮ್ನಿದ್ರೆ ಬದುಕಿದ್ದೀನಿ ಅಂತ ತಿಳ್ಕೊ."

ಖಾಲಿ ಸಂದೇಶ ಕಳಿಸುವ, ಬೆಳಿಗ್ಗೆ ಅಳಿಸಿದ್ದ ಸಾಲನ್ನು ಕಂಪ್ಯೂಟರಿನಲ್ಲಿ ಮತ್ತೆ ಬರೆದಳು. ಕಟ್ಟಿಕೊಂಡಿದ್ದ ಅಳತೆಗಳು ಒಮ್ಮೆಲೇ ನುಗ್ಗಿದವು. ತುದಿಯ ಚುಕ್ಕಿ ಹಳದಿಯಾಯಿತು. ಕೆಂಪಾಯಿತು. ಗಂಟೆ ಬಡಿದುಕೊಳ್ಳತೊಡಗಿತು.

ಸುರಂಗದ ಫೋನೆತ್ತಿದಳು. ಅತ್ತ ರಿಂಗಾಗುತ್ತಲೇ ಇತ್ತು.

"ಯಾರೂ ಎತ್ತುತ್ತಿಲ್ಲ. ಆ ಅಂಕಿಗಳೆಲ್ಲ ಸುಳ್ಳು, ಬೆಳಗಿನಿಂದ ಸುಳ್ಳು. ನಾನೇ..."

"ಅಳೋದು ಆಮೇಲೆ ಮೇಡಂ. ಫೋನ್ ಮಾತ್ರ ಇಡ್ಬೇಡಿ." ಮೇಸ್ತ್ರಿ ಗೂಟದಲ್ಲಿದ್ದ ಉಸಿರಿನ ಮುಖವಾಡವನ್ನು ಎಳೆದುಕೊಂಡ; ಇನ್ನೊಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

"ವಾಕಿಟಾಕೀಲಿ ಮಾತಾಡ್ತಾ ಇರಿ," ಆಕೆಯ ದನಿ ಒಡೆಯಿತು. "ಏನೂ ಕಾಣದಿದ್ರೂ ಸರಿ. ಏನೂ ಇಲ್ಲ ಅಂತಾದ್ರೂ ಹೇಳ್ತಾ ಇರಿ, ಅಣ್ಣಾ."

ಆಗಲೇ ಮುಖವಾಡ ತೊಟ್ಟಿದ್ದ ಆತ ಸೊಂಟದ ವಾಕಿಟಾಕಿ ಮುಟ್ಟಿ, ಆಗಲಿ ಎಂಬಂತೆ ತಲೆಯಾಡಿಸಿದ. ಸುರಂಗಕ್ಕೆ ಹೊರಟ ಅವನ ಹಿಂದೆ ಭಾರದ ಬಾಗಿಲು ತಾನಾಗಿಯೇ, ನಿಧಾನವಾಗಿ ಮುಚ್ಚಿಕೊಂಡಿತು.